ಎದುರು ಚಾಪೆ

ನಮ್ಮ ಬಸ್ರಾದವರಿಗೆ ಜಂಬ ಜಾಸ್ತಿ ಎಂದು ಕೂಫಾದವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಲೋಕಕ್ಕೊಬ್ಬ ಕರ್ತ ಇದ್ದಾನೆಯೇ ಇಲ್ಲವೇ ಎಂದು ಹಾಡಹಗಲಲ್ಲಿ, ಬೀದಿ ಬಾಗಿಲು ತೆರೆದಿಟ್ಟು, ನಾಲ್ಕು ಮತದವರನ್ನು ಪಕ್ಕಪಕ್ಕ ಕೂರಿಸಿಕೊಂಡು ವಾದ ಮಾಡುವ ಗುಂಡಿಗೆ ಅವರ ಊರಿನಲ್ಲಿ ಯಾರಿಗಿದೆ? ಬಗ್ದಾದಿನಲ್ಲಿ ಖಲೀಫರ ಮುಂದೆ ವಾದಗಳು ನಡೆಯುತ್ತವಂತೆ, ಆದರೆ ಅಲ್ಲಿ ಗೆದ್ದವರಿಗೆ ನಿಲುವಂಗಿ ಉಡುಗೊರೆ ಸಿಗುತ್ತದೆ. ನಮ್ಮಲ್ಲಿ ಸಿಗುವುದು ಒಂದು ಬಟ್ಟಲು ನೀರು, ಅದೂ ಸ್ವಲ್ಪ ಉಪ್ಪು. ಆ ವಾದದಲ್ಲಿ ದೇವರಿಲ್ಲ ಎನ್ನುವ ಪಕ್ಷಕ್ಕೆ ಕೂರುತ್ತಿದ್ದವನು ನನ್ನ ಅಪ್ಪ. ಇದನ್ನು ನಾನು ತಲೆ ತಗ್ಗಿಸಿಕೊಂಡು ಹೇಳುತ್ತಿಲ್ಲ ಎಂಬುದು ಮೊದಲೇ ಗೊತ್ತಿರಲಿ.

ಅಪ್ಪನ ಹೆಸರು ವಹಬ್. ಖರ್ಜೂರದ ನಾರಿನಿಂದ ಹಡಗಿನ ಹಗ್ಗ ಹೊಸೆದು ಮಾರುವುದು ಅವನ ಕಸುಬು. ವಾದ ನಡೆಯುತ್ತಿದ್ದದ್ದು ಉಸ್ತಾದ್ ಮುತರ್ರಿಫರ ಮನೆಯ ಅಂಗಳದಲ್ಲಿ, ಪ್ರತಿ ಗುರುವಾರ, ಇಳಿಹೊತ್ತಿನ ನಮಾಜು ಮುಗಿದ ಮೇಲೆ. ಅವರು ಊರಿಗೆಲ್ಲ ಗುರು, ಆದರೆ ವಾರದ ಉಳಿದ ದಿನ ಖರ್ಜೂರದ ಪಾಕ ಮಾರಿ ಬದುಕುತ್ತಿದ್ದರು. ಅಂಗಳದ ನಡುವೆ ಜೊಂಡಿನ ಎರಡು ಚಾಪೆ ಎದುರುಬದುರಾಗಿ ಹಾಸಿರುತ್ತಿತ್ತು. ಒಂದರ ಮೇಲೆ ಉಸ್ತಾದರು ಕೂತು ದೇವರಿದ್ದಾನೆ ಎಂದು ಸಾಧಿಸಬೇಕು. ಇನ್ನೊಂದರ ಮೇಲೆ ಕೂತವನು ಇಲ್ಲ ಎಂದು ಸಾಧಿಸಬೇಕು. ಆ ಇನ್ನೊಂದಕ್ಕೆ ಊರಿನವರು ಎದುರು ಚಾಪೆ ಎನ್ನುತ್ತಿದ್ದರು.

ಮೊದಲು ಅಲ್ಲಿ ಕೂರುತ್ತಿದ್ದವನು ಒಬ್ಬ ಮುದಿ ನಾವಿಕ. ಅವನು ನಿಜಕ್ಕೂ ಹಾಗೇ ನಂಬಿದ್ದವನು. ಅವನು ಸತ್ತ ಮೇಲೆ ಚಾಪೆ ಖಾಲಿಯಾಯಿತು, ಉಸ್ತಾದರು ಹೇಳಿದ್ದಕ್ಕೆಲ್ಲ ಅಂಗಳ ಹೂಂ ಹೂಂ ಎನ್ನತೊಡಗಿತು, ಅದರಿಂದ ಅವರಿಗೆ ಊಟ ಸೇರದಾಯಿತು. ತಲೆಯಾಡಿಸುವವರ ನಡುವೆ ಕೂತು ಬುದ್ಧಿಗೆ ತುಕ್ಕು ಹಿಡಿಯುತ್ತಿದೆ ಎಂದು ಅವರೇ ಅಪ್ಪನನ್ನು ಕರೆದು ಆ ಚಾಪೆಯಲ್ಲಿ ಕೂರಿಸಿದರು. ಶಿಷ್ಯರಲ್ಲಿ ಅತಿ ಚೂಪಾದ ನಾಲಿಗೆ ಅವನದೇ ಆಗಿತ್ತು. ನನಗೆ ಆಗಿನ್ನೂ ಹಾಲುಹಲ್ಲು.

ಅಂಗಳದ ಕಟ್ಟುಪಾಡು ಎಲ್ಲರಿಗೂ ಬಾಯಿಪಾಠವಾಗಿತ್ತು. ಯಾರೂ ತಮ್ಮ ಧರ್ಮಗ್ರಂಥದ ಮಾತನ್ನು ಸಾಕ್ಷಿಯಾಗಿ ತರುವಂತಿಲ್ಲ, ಏಕೆಂದರೆ ಎದುರಿಗಿರುವವನು ಅದನ್ನು ಒಪ್ಪದವನು. ತಂದರೆ ತಂದವನೇ ಸೋತಂತೆ. ಎದುರು ಚಾಪೆಯಲ್ಲಿ ಕೂತವನನ್ನು ನೀನು ಮನಸ್ಸಿನೊಳಗೆ ಏನು ನಂಬುತ್ತೀಯ ಎಂದು ಚಾಪೆಯ ಮೇಲಿರಲಿ, ಬೀದಿಯಲ್ಲೂ ಕೇಳುವಂತಿಲ್ಲ. ಇನ್ನು ಉತ್ತರ ಹೊಳೆಯದವನು, ಎದುರಿನವರು ಒಪ್ಪಿದರೆ, ಒಂದು ವಾದಕ್ಕೆ ಒಂದೇ ಸಲ ವಾರದ ಗಡುವು ಪಡೆಯಬಹುದು. ಅದೂ ಇಲ್ಲದೆ ಸುಮ್ಮನಾದವನು ತನ್ನ ಚಾಪೆಯನ್ನು ತಾನೇ ಸುತ್ತಿ, ಹೆಗಲ ಮೇಲಿಟ್ಟುಕೊಂಡು, ಕಾಲುವೆ ದಂಡೆಯುದ್ದಕ್ಕೂ ಎಲ್ಲರೂ ನೋಡುವಂತೆ ಮನೆಗೆ ನಡೆಯಬೇಕು. ಅಪ್ಪ ಒಮ್ಮೆಯೂ ಚಾಪೆ ಸುತ್ತಿರಲಿಲ್ಲ. ಉಸ್ತಾದರೂ ಸುತ್ತಿರಲಿಲ್ಲ. ಇಬ್ಬರೂ ಸಂಜೆ ಒಂದೇ ತಟ್ಟೆಯಲ್ಲಿ ಮೀನು ತಿನ್ನುತ್ತಿದ್ದರು.

ಒಂದು ವಾರ ಉಸ್ತಾದರು ನಮ್ಮೂರಿನ ಉಬ್ಬರವನ್ನೇ ಸಾಕ್ಷಿಗೆ ಕರೆದರು. ದಿನಕ್ಕೆರಡು ಸಲ ಸಮುದ್ರ ಉಬ್ಬಿ ನದಿಯ ಸಿಹಿನೀರನ್ನು ಕಾಲುವೆಗಳಿಗೆ ನೂಕುತ್ತದೆ. ಯಾರೂ ಏತ ಎಳೆಯದೆ, ಯಾರೂ ಕೊಡ ಹೊರದೆ ಖರ್ಜೂರದ ಮರಗಳ ಬುಡ ತೊಯ್ಯುತ್ತದೆ. ಇದೆಲ್ಲ ತಾನಾಗಿ ಆಯಿತೇ ಎಂದು ಕೇಳಿದರು. ಅಂಗಳವೆಲ್ಲ ಆಹಾ ಎಂದಿತು. ಅಪ್ಪ ಗಡ್ಡ ನೀವಿಕೊಂಡು, ಬೇಸಿಗೆಯ ಕೊನೆಗೆ ಅದೇ ಉಬ್ಬರ ಉಪ್ಪು ತಂದು ಎಳೆಯ ಸಸಿಗಳನ್ನು ಸುಡುತ್ತದಲ್ಲ, ಆಗ ನೀರು ಬಿಡುವವನಿಗೆ ನಿದ್ದೆ ಬಂದಿತ್ತೇ ಎಂದ. ನಿನ್ನ ಹಗ್ಗ ಅಂಗೈಗೆ ಒರಟು, ಹಾಗೆಂದು ಹೊಸೆದವನೇ ಇಲ್ಲ ಅನ್ನುತ್ತೇವೆಯೇ ಎಂದರು ಉಸ್ತಾದರು. ನನ್ನ ಹಗ್ಗ ಹೊಸೆದವನನ್ನು ನೋಡಬೇಕಾದರೆ ಅಂಗಡಿಗೆ ಬನ್ನಿ, ನಿಮ್ಮ ಹಗ್ಗದ ಅಂಗಡಿ ಯಾವ ಬೀದಿಯಲ್ಲಿದೆ ಎಂದ ಅಪ್ಪ. ಮೇಲೆ ಮಹಡಿಯ ಜಗಲಿಯಲ್ಲಿ ಕೂತ ಹೆಂಗಸರಾದ ನಾವು ಕೂಡ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನು ನನ್ನ ಅಪ್ಪ ಎಂದು ಪಕ್ಕದವಳಿಗೆ ನಾನು ಬೇಕೆಂದೇ ಇನ್ನೊಮ್ಮೆ ಹೇಳಿದೆ.

ಇಂಥ ಅಪ್ಪ ನಸುಕಿನಲ್ಲಿ ಎದ್ದು ಕೈಕಾಲು ತೊಳೆದು, ಮನೆಯ ಮೂಲೆಯಲ್ಲಿ ಹಣೆ ನೆಲಕ್ಕೊತ್ತಿ ಪ್ರಾರ್ಥನೆ ಮಾಡುತ್ತಿದ್ದ. ಕೆಲವು ದಿನ ಅವನ ಬಿಕ್ಕಳಿಕೆ ನನ್ನ ಹಾಸಿಗೆಯವರೆಗೂ ಕೇಳುತ್ತಿತ್ತು. ಅವನ ನಂಬಿಕೆ ಏನೆಂದು ನನಗೂ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಮನೆಯ ಹೊಸ್ತಿಲು ದಾಟಿ ಆ ಮಾತು ಹೋಗುತ್ತಿರಲಿಲ್ಲ. ಅಮ್ಮ ಹುಸ್ನಾಳಿಗೆ ಮಾತ್ರ ಈ ವಾದದ ಗೊಡವೆಯೇ ಬೇಕಿರಲಿಲ್ಲ. ಲೋಕಕ್ಕೆ ಯಜಮಾನನೇ ಇಲ್ಲ ಎಂದು ಊರ ಮುಂದೆ ಸಾಧಿಸುವ ಮನುಷ್ಯ ಮನೆಗೆ ಬಂದರೆ ತಾನೇ ಯಜಮಾನ ಅನ್ನುತ್ತಾನೆ ಎಂದು ಆಕೆ ನೆರೆಯವರ ಹತ್ತಿರ ಮೂಗು ಮುರಿಯುತ್ತಿದ್ದಳು. ಗುರುವಾರದ ಹಿಂದಿನ ದಿನ ಅಪ್ಪ ಹಗ್ಗ ಹೊಸೆಯುತ್ತ, ನಾನು ಅಕ್ಕಿ ರೊಟ್ಟಿ ತಟ್ಟುತ್ತ ವಾದ ಮಾಡುತ್ತಿದ್ದೆವು. ನಾನು ಉಸ್ತಾದರ ಪಕ್ಷ, ಅವನು ಎದುರು ಪಕ್ಷ. ಎಷ್ಟೋ ರೊಟ್ಟಿ ಸೀದುಹೋಗಿವೆ.

ನನ್ನ ಹೆಸರು ಲುಬಾಬಾ. ಮದುವೆಯ ಮಾತು ಬಂದಾಗ ನನಗೆ ಹುಡುಗ ಯಾರು ಎಂಬ ಅನುಮಾನವೇ ಇರಲಿಲ್ಲ. ಕಾಲುವೆಯ ಆಚೆ ದಂಡೆಯ ಮುತ್ತಿನ ವ್ಯಾಪಾರಿ ಹಾತಿಮರ ಮಗ ನುಮೈರ್ ದೋಣಿಗೆ ಹಗ್ಗ ಕೊಳ್ಳಲು ನಮ್ಮ ಅಂಗಡಿಗೆ ಬರುತ್ತಿದ್ದ, ಬೇಕಾದ್ದಕ್ಕಿಂತ ಹೆಚ್ಚು ಸಲ ಬರುತ್ತಿದ್ದ. ಎತ್ತರದ ಆಳು, ನಕ್ಕರೆ ಕೆನ್ನೆಯಲ್ಲಿ ಗುಳಿ. ಗಂಟು ಹಾಕುವುದರಲ್ಲಿ ನನ್ನನ್ನು ಸೋಲಿಸಲು ನೋಡಿ ಸೋತು, ಕೋಪ ಮಾಡಿಕೊಳ್ಳದೆ ಕೈಮುಗಿದ. ಅಂದೇ ನಾನು ಅವನವಳಾದೆ. ನನಗೆ ಅವನು ಬೇಕಿತ್ತು, ಅದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಅವರ ಮನೆಯಿಂದ ಹೆಣ್ಣು ಕೇಳಲು ಬಂದರು, ತೃಪ್ತಿಯಾಗಿ ತಿಂದರು, ಎಲ್ಲ ಒಪ್ಪಿಗೆಯಾಯಿತು. ಆಮೇಲೆ ಹಾತಿಮರು ಗಂಟಲು ಸರಿಮಾಡಿಕೊಂಡು ಒಂದು ಮಾತು ತೆಗೆದರು. ತಮಗೇನೂ ಅನುಮಾನವಿಲ್ಲ, ಆದರೆ ಜನ ನಾಳೆ ದೇವರಿಲ್ಲ ಅನ್ನುವವನ ಮಗಳನ್ನು ತಂದರು ಎಂದು ಆಡಿಕೊಳ್ಳುತ್ತಾರೆ. ಆದ್ದರಿಂದ ಬರುವ ಗುರುವಾರ ವಹಬ್ ಒಂದೇ ಒಂದು ಸಲ ಉಸ್ತಾದರ ಮುಂದೆ ಸೋತು ಚಾಪೆ ಸುತ್ತಿಬಿಡಲಿ. ತಮ್ಮ ನೆಂಟರನ್ನು ಕರೆತಂದು ತೋರಿಸುತ್ತೇವೆ. ಮರುದಿನವೇ ಮದುವೆಯ ಕರಾರು. ಇಷ್ಟು ಹೇಳಿ ಅವರು ಕೈತೊಳೆದುಕೊಂಡರು.

ಅವರು ಹೋದ ಮೇಲೆ ಅಮ್ಮ ಅಪ್ಪನನ್ನು ಹಿಡಿದುಕೊಂಡಳು. ಸೋಲುವ ನಾಟಕವೂ ಬೇಡ, ನಾನು ನಂಬಿದವನು ಎಂದು ಎದ್ದು ನಿಂತು ಹೇಳಿಬಿಡಿ, ಸುಳ್ಳೇನಲ್ಲವಲ್ಲ ಎಂದಳು. ಅಪ್ಪ ಕೈಯಲ್ಲಿದ್ದ ನಾರನ್ನು ಕೆಳಗಿಟ್ಟ.

"ಅದೊಂದು ಮಾತ್ರ ಕೇಳ್ಬೇಡ ಹುಸ್ನಾ. ನಾನು ನಂಬ್ತೀನಿ ಅಂದ ದಿನ ನನ್ನ ಪ್ರಶ್ನೆಗಳೆಲ್ಲ ಆಟದ ಸಾಮಾನಾಗ್ತವೆ. ಹಿಂದಿನ ಸಾಲಲ್ಲಿ ನಿಜವಾಗ್ಲೂ ಅನುಮಾನ ಇರೋರು ಬಂದು ಕೂತಿರ್ತಾರೆ. ಬಾಯಿಬಿಟ್ಟು ಕೇಳೋಕೆ ಅವರಿಗೆ ಭಯ. ಅವರ ಬಾಯಿ ನಾನು."

"ಹಾಗಾದ್ರೆ ಸೋಲಿ. ಅದಾದ್ರೂ ಆಗುತ್ತಾ, ಇಲ್ಲ ಅದಕ್ಕೂ ಅಡ್ಡಿಯಾ?"

ಅಪ್ಪ ನನ್ನ ಕಡೆ ನೋಡಿದ. ನಾನು ಏನನ್ನೂ ಕೇಳಿರಲಿಲ್ಲ, ಆದರೆ ನನ್ನ ಮುಖ ಬಾಯಿಗಿಂತ ಮೊದಲು ಮಾತಾಡುವ ಮುಖ. ಒಂದು ಚಾಪೆ ತಾನೇ, ಸುತ್ತಿದರಾಯಿತು ಎಂದ ಅವನು. ಅಷ್ಟು ಸುಲಭವಾಗಿ ಹೇಳಿದ್ದು ನೋಡಿ ನನಗೆ ಮೊದಲು ಸಂತೋಷವಾಯಿತು. ಆಮೇಲೆ, ರೊಟ್ಟಿ ತಟ್ಟುವಾಗ, ಎದೆಯಲ್ಲಿ ಏನೋ ಚುಚ್ಚತೊಡಗಿತು. ಆ ಬುಧವಾರ ನಾವಿಬ್ಬರೂ ವಾದ ಮಾಡಲಿಲ್ಲ, ರೊಟ್ಟಿಯೂ ಸೀಯಲಿಲ್ಲ.

ಗುರುವಾರ ಹಾತಿಮರು ಗುಲಾಬಿನೀರಿನ ವಾಸನೆ ಬೀರುತ್ತ ನೆಂಟರ ಪರಿವಾರದೊಂದಿಗೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಅವರು ಚಾಪೆಯ ಮೇಲೆ ಕೂರುವವರಲ್ಲ. ಆಳು ರೇಷ್ಮೆಯ ದಿಂಬು ಹೊತ್ತು ತಂದಿದ್ದ. ನುಮೈರ್ ಅವರ ಪಕ್ಕದಲ್ಲಿದ್ದ. ಎಂದಿನಂತೆ ಒಬ್ಬ ಯಹೂದಿ ವೈದ್ಯ, ಒಬ್ಬ ಕ್ರೈಸ್ತ ಅಕ್ಕಸಾಲಿ, ಅಗ್ನಿಯನ್ನು ಪೂಜಿಸುವ ಒಬ್ಬ ನಾಣ್ಯ ಬದಲಾಯಿಸುವವ ಬಂದಿದ್ದರು. ಹಿಂದಿನ ಸಾಲಿನಲ್ಲಿ ನೀರಿನ ಹಂಡೆಯ ಹತ್ತಿರ ಒಬ್ಬ ನೇಕಾರ ಕೂತಿದ್ದ. ಹೋದ ಬೇಸಿಗೆಯ ಜ್ವರದಲ್ಲಿ ಅವನ ಮಕ್ಕಳೆಲ್ಲ ತೀರಿಹೋಗಿದ್ದರು. ಅಂದಿನಿಂದ ಅವನು ಪ್ರತಿ ವಾರ ಬಂದು, ಯಾರ ಜೊತೆಗೂ ಮಾತಾಡದೆ, ನನ್ನ ಅಪ್ಪನ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದ. ಮೇಲಿನ ಜಗಲಿಯಲ್ಲಿ ಅಮ್ಮ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಉಸ್ತಾದರಿಗೆ ಈ ಒಪ್ಪಂದದ ಗಾಳಿಯೂ ಸೋಕಿರಲಿಲ್ಲ. ಅವರು ಹುರುಪಿನಿಂದ ಹೊಸ ವಾದ ಹೂಡಿದರು. ಬೆಳಿಗ್ಗೆ ನಮ್ಮ ಬೀದಿಯ ಹೆಂಗಸರು ಒಲೆ ಹೊತ್ತಿಸಲು ಪಕ್ಕದ ಮನೆಯಿಂದ ಕೆಂಡ ತರುತ್ತಾರಲ್ಲ, ಅದನ್ನು ನೆನೆಯಿರಿ ಎಂದರು. ಈ ಮನೆಯ ಬೆಂಕಿ ಎಲ್ಲಿಯದು ಎಂದರೆ ಪಕ್ಕದ ಮನೆಯದು. ಆ ಮನೆಯದು? ಅದರಾಚೆಯದು. ಪ್ರತಿಯೊಬ್ಬರೂ ನಮ್ಮದಲ್ಲ, ಕೇಳಿ ತಂದದ್ದು ಎನ್ನುವುದಾದರೆ ಬೀದಿಯಲ್ಲಿ ಬೆಂಕಿಯೇ ಇರಬಾರದಿತ್ತು. ಆದರೆ ಬೆಂಕಿ ಇದೆ. ಹಾಗಾದರೆ ಕೇಳಿ ತರದ, ತನ್ನದೇ ಬೆಂಕಿ ಇರುವ ಒಲೆ ಒಂದು ಇರಲೇಬೇಕು. ಲೋಕದಲ್ಲಿ ಕಾಣುವುದೆಲ್ಲ ತನ್ನ ಇರವನ್ನು ಇನ್ನೊಂದರಿಂದ ಕೇಳಿ ತಂದದ್ದು. ಆದ್ದರಿಂದ ತನ್ನ ಇರವು ತನ್ನದೇ ಆಗಿರುವವನು ಒಬ್ಬನಿದ್ದಾನೆ. ಬೆಂಕಿಯ ಹೆಸರು ಕೇಳಿ ಅಗ್ನಿಪೂಜಕನಿಗೆ ಎಲ್ಲರಿಗಿಂತ ಹೆಚ್ಚು ಖುಷಿಯಾಯಿತು.

ಅಪ್ಪ ಏನೋ ಒಂದು ಉತ್ತರ ಕೊಟ್ಟ. ನಿನ್ನೆ ಮೊನ್ನೆ ಸೇರಿದ ಶಿಷ್ಯ ಕೊಡುವಂಥ ಉತ್ತರ ಅದು, ನನಗೆ ಕೇಳಲಾಗಲಿಲ್ಲ. ಉಸ್ತಾದರು ಅದನ್ನು ಒಂದೇ ಮಾತಿನಲ್ಲಿ ಬದಿಗೆ ಸರಿಸಿ ಮತ್ತೆ ಕೇಳಿದರು. ಅಪ್ಪ ತಲೆ ತಗ್ಗಿಸಿದ. ಅವನ ಕೈ ಮೆಲ್ಲಗೆ ಚಾಪೆಯ ಅಂಚಿಗೆ ಹೋಯಿತು, ಹಾತಿಮರು ನೆಂಟರ ಕಡೆ ತಿರುಗಿ ಮುಗುಳ್ನಕ್ಕರು. ಅಮ್ಮ ನಿಟ್ಟುಸಿರು ಬಿಟ್ಟಳು.

"ಕೈ ತೆಗಿ ವಹಬ್," ಎಂದರು ಉಸ್ತಾದರು. ಅವರ ಮುಖ ಸಿಟ್ಟಿನಿಂದ ಕಪ್ಪಿಟ್ಟಿತ್ತು. "ಇದಕ್ಕೆ ನಿನ್ನ ಹತ್ರ ಉತ್ತರ ಇದೆ. ನಿನ್ನ ಕಣ್ಣಲ್ಲಿ ನನಗೆ ಕಾಣ್ತಾ ಇದೆ. ನುಂಗ್ತಾ ಇದ್ದೀಯ. ಯಾರಿಗೋಸ್ಕರ ಅಂತ ನಾನು ಕೇಳಲ್ಲ. ಆದರೆ ತಿಳ್ಕೋ, ನನ್ನ ದೇವರು ನಿನ್ನ ದಯೆ ಮೇಲೆ ನಿಂತಿಲ್ಲ."

ಇದನ್ನು ಹೇಳಿದವರು ದೇವರ ಪಕ್ಷದವರು ಎಂಬುದನ್ನು ನೆನಪಿಡಬೇಕು. ಗೆಲುವು ಕಾಲ ಬುಡಕ್ಕೆ ಬಂದು ಬಿದ್ದಿತ್ತು, ಅವರು ಅದನ್ನು ಒದ್ದರು. ನಮ್ಮೂರು ಎಂದು ನಾನು ಎದೆಯುಬ್ಬಿಸುವುದು ಇಂಥವರಿಂದಲೇ.

ಹಾತಿಮರಿಗೆ ತಡೆಯಲಾಗಲಿಲ್ಲ. ತಾವು ಕರೆತಂದ ನೆಂಟರ ಮುಂದೆ ವ್ಯಾಪಾರ ಕೆಡುತ್ತಿತ್ತು. ಅವರು ಎದ್ದು ನಿಂತು, ಕೈಯೆತ್ತಿ, ದೇವರ ಮಹಿಮೆಯನ್ನು ಹೇಳುವ ಗ್ರಂಥವಾಕ್ಯವೊಂದನ್ನು ಗಟ್ಟಿಯಾಗಿ ಪಠಿಸಿ, ಇನ್ನೇನು ಉತ್ತರ ಬೇಕು ಎಂದರು. ಯಹೂದಿ ವೈದ್ಯ ಮರ್ಯಾದೆಗೆ ಆಕಾಶ ನೋಡಿದ. ಉಸ್ತಾದರು ಕಣ್ಣು ಮುಚ್ಚಿ ಆ ವಾಕ್ಯ ಮುಗಿಯುವವರೆಗೆ ಕೇಳಿ, ವಾಕ್ಯ ನನ್ನ ತಲೆಯ ಮೇಲೆ, ಆದರೆ ಇಲ್ಲಿ ಅದನ್ನು ಎದುರಿನವನ ಬಾಯಿ ಮುಚ್ಚಿಸಲು ತಂದವರು ಸೋತಂತೆ, ತಮ್ಮ ಆಸನ ಸುತ್ತಿಕೊಳ್ಳಬೇಕು ಎಂದರು. ಎಲ್ಲರ ಕಣ್ಣೂ ಆ ರೇಷ್ಮೆಯ ದಿಂಬಿನ ಮೇಲೆ ಹೋಯಿತು. ದಿಂಬನ್ನು ಸುತ್ತುವುದು ಹೇಗೆ ಎಂದು ಅಕ್ಕಸಾಲಿ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು, ಕೆಲವರು ನಕ್ಕುಬಿಟ್ಟರು.

ಆ ನಗು ಎಲ್ಲವನ್ನೂ ಕೆಡಿಸಿತು. ನಿಮ್ಮ ಕಟ್ಟುಪಾಡನ್ನು ಕಾಲುವೆಗೆ ಹಾಕಿ ಎಂದು ಹಾತಿಮರು ಅಪ್ಪನ ಕಡೆ ತಿರುಗಿದರು.

"ಸೋಲೋದೂ ಬೇಡ, ಗೆಲ್ಲೋದೂ ಬೇಡ. ಎಲ್ಲರ ಮುಂದೆ ಒಂದು ಮಾತು ಹೇಳು ವಹಬ್. ದೇವರಿದ್ದಾನೆ ಅಂತ ನೀನು ನಂಬ್ತೀಯೋ ಇಲ್ವೋ? ಹೇಳಿದ್ರೆ ನಾಳೆ ಬೆಳಿಗ್ಗೆ ಕರಾರು. ಇಲ್ಲ ಅಂದ್ರೆ ನನ್ನ ಮಗನ್ನ ಮರೆತುಬಿಡಿ."

ಯಾರೂ ಕೇಳಬಾರದ್ದನ್ನು ಕೇಳಿಯಾಗಿತ್ತು. ಅಪ್ಪ ಮೇಲೆ ನೋಡಿದ, ನನ್ನನ್ನೇ ನೋಡಿದ. ಅವನ ತುಟಿ ತೆರೆಯಿತು. ಅವನು ಏನು ಹೇಳಲಿದ್ದಾನೆಂದು ನನಗೆ ಗೊತ್ತಿತ್ತು, ಪ್ರತಿ ನಸುಕಿನಲ್ಲಿ ನಾನು ಅದನ್ನು ಕೇಳಿದ್ದೆ. ಅದು ನಿಜವಾದ ಮಾತು. ಆ ಒಂದು ನಿಜವಾದ ಮಾತಿಗೆ ನನಗೆ ನುಮೈರ್ ಸಿಗುತ್ತಿದ್ದ. ನುಮೈರ್ ಕೂಡ ಮೇಲೆ ನೋಡುತ್ತಿದ್ದ, ಅವನ ಮುಖದಲ್ಲಿ ಬೇಡಿಕೆಯಿತ್ತು. ನನ್ನ ಕಣ್ಣು ಅವನಿಂದ ಜಾರಿ ಹಿಂದಿನ ಸಾಲಿಗೆ ಹೋಯಿತು. ನೇಕಾರ ಮುಂದಕ್ಕೆ ಬಾಗಿ, ಎರಡೂ ಕೈಯನ್ನು ನೆಲಕ್ಕೂರಿ, ಅಪ್ಪನ ಬಾಯಿಯನ್ನು ನೋಡುತ್ತಿದ್ದ. ಇಷ್ಟು ದಿನ ತನ್ನ ಪರವಾಗಿ ಕೇಳಿದವನು ಬರೀ ವೇಷ ಹಾಕಿದ್ದ ಎಂದು ಆ ಮನುಷ್ಯ ಈಗ ತಿಳಿಯಬೇಕು. ಅದೂ ನನ್ನ ಮದುವೆಗೋಸ್ಕರ.

ನಾನು ಅಮ್ಮನ ಹಿಡಿತದಿಂದ ಕೈ ಕಿತ್ತುಕೊಂಡು ಎದ್ದು ನಿಂತೆ.

"ಅಪ್ಪಾ, ತಡಿ," ಎಂದೆ. "ಉಸ್ತಾದರೇ, ಉತ್ತರ ನಾನು ಕೊಡ್ತೀನಿ. ಒಂದೊಂದು ಮನೆ ಬೆಂಕಿನೂ ಕೇಳಿ ತಂದದ್ದೇ, ಒಪ್ಪಿದೆ. ಆದರೆ ಬೀದಿ ಬೆಂಕಿ ಪೂರ್ತಿ ಆರಿದ್ದನ್ನ ಯಾರಾದ್ರೂ ನೋಡಿದ್ದಾರಾ? ಒಂದು ಆರೋ ಹೊತ್ತಿಗೆ ಇನ್ನೊಂದು ಹೊತ್ತಿರುತ್ತೆ. ಬೀದಿಗೆ ಕೊನೆನೇ ಇಲ್ಲದಿದ್ರೆ, ಕೆಂಡ ಸಿಗದ ಮನೆನೇ ಇಲ್ಲ. ಸ್ವಂತ ಬೆಂಕಿ ಇರೋದು ಒಂದು ಇರಲೇಬೇಕು ಅಂತೀರಲ್ಲ, ಅದು ಆ ಬೀದಿನೇ ಯಾಕಾಗಬಾರದು? ಬೀದಿ ಬಿಟ್ಟು ಹೊರಗೆ ಯಾಕೆ ಹುಡುಕ್ತೀರಿ?"

ಇದು ಅಪ್ಪ ನುಂಗಿದ್ದ ಉತ್ತರವೇ ಎಂದು ಆಮೇಲೆ ತಿಳಿಯಿತು. ಆಗ ನನಗೆ ಕಂಡದ್ದು ಇಷ್ಟೇ: ಅವನು ತೆರೆದಿದ್ದ ಬಾಯಿಯನ್ನು ಮುಚ್ಚಿಕೊಂಡು, ಕೈಯಿಂದ ಕಣ್ಣೊರೆಸಿಕೊಂಡು, ಸದ್ದಿಲ್ಲದೆ ನಗತೊಡಗಿದ. ಉಸ್ತಾದರು ಜಗಲಿಯ ಕಡೆ ತಿರುಗಿ, ಅಪ್ಪನನ್ನು ವಾದದ ಹೊತ್ತಿನಲ್ಲಿ ಕರೆಯುತ್ತಿದ್ದ ಹೆಸರಿನಿಂದಲೇ ನನ್ನನ್ನು ಕರೆದರು.

"ಎದುರು ಚಾಪೆಯವರೇ, ಇದಕ್ಕೆ ಇವತ್ತು ನನ್ನ ಹತ್ರ ಉತ್ತರ ಇಲ್ಲ. ಬರೋ ಗುರುವಾರದ ತನಕ ಗಡುವು ಕೊಡ್ತೀರಾ?"

ಕೊಟ್ಟೆ ಎಂದೆ. ಹಾತಿಮರು ದಿಂಬನ್ನು ಅಲ್ಲೇ ಬಿಟ್ಟು ಹೊರಟರು, ನೆಂಟರು ಅವರ ಹಿಂದೆ. ನುಮೈರ್ ಬಾಗಿಲ ಬಳಿ ಒಮ್ಮೆ ನಿಂತ. ತನ್ನ ಅಪ್ಪ ಕರೆದದ್ದಕ್ಕೆ ಹೊರಟುಹೋದ.

ಆ ವಾರ ಅಮ್ಮ ನನ್ನ ಜೊತೆ ಮಾತು ಬಿಟ್ಟಳು. ತಟ್ಟೆಯನ್ನು ನನ್ನ ಮುಂದೆ ಇಡುತ್ತಿರಲಿಲ್ಲ, ಕುಕ್ಕುತ್ತಿದ್ದಳು. ನಾನು ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಅತ್ತೆ. ಮಾಡಿದ್ದಕ್ಕೆ ಪಶ್ಚಾತ್ತಾಪವಿರಲಿಲ್ಲ, ಆದರೂ ಕೆನ್ನೆಯ ಆ ಗುಳಿ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಉಸ್ತಾದರು ಏನು ಉತ್ತರ ತರಬಹುದು ಎಂದು ಅಪ್ಪನನ್ನು ಕೇಳಿದರೆ ಅವನು ಹೇಳಲೊಲ್ಲ. ವಾದ ನಿನ್ನದು, ಹೊಸೆಯುವ ಕೈಯೂ ನಿನ್ನದೇ ಆಗಲಿ ಎಂದುಬಿಟ್ಟ.

ಗುರುವಾರ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಗ್ಗದ ವಹಬನ ಮಗಳು ಕೂರುತ್ತಾಳೆ ಎಂಬ ಸುದ್ದಿ ಸಂತೆಯ ಬಯಲಿನವರೆಗೂ ಹೋಗಿತ್ತು. ನಾನು ಮುಸುಕು ಬಿಗಿದುಕೊಂಡು ಕೆಳಗಿಳಿದು ಎದುರು ಚಾಪೆಯಲ್ಲಿ ಕೂತೆ. ಅಪ್ಪ ಹಿಂದಿನ ಸಾಲಿಗೆ ಹೋಗಿ ನೇಕಾರನ ಪಕ್ಕ ಕೂತ. ಅಮ್ಮ ಬರುವುದಿಲ್ಲ ಎಂದಿದ್ದಳು, ಬಂದು ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು, ನಮ್ಮ ಕಡೆ ನೋಡದೆ ಕೂತಿದ್ದಳು.

ಉಸ್ತಾದರು ಮೊದಲು ನನ್ನ ಮಾತನ್ನು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿ, ಇದೇ ತಾನೇ ನಿಮ್ಮ ಮಾತು ಎಂದು ಕೇಳಿದರು. ಹೌದೆಂದೆ. ಆಮೇಲೆ ನಿಧಾನವಾಗಿ ಶುರುಮಾಡಿದರು.

"ಬೀದಿ ಅಂದ್ರೆ ಏನು? ಮನೆಗಳನ್ನ ಒಂದೊಂದಾಗಿ ತೆಗೆದುಬಿಡಿ, ಬೀದಿ ಉಳಿಯುತ್ತಾ? ಬೀದಿಗೆ ಒಲೆ ಇಲ್ಲ. ತನಗೇ ಒಲೆ ಇಲ್ಲದ್ದು ಎಲ್ಲರ ಒಲೆಗೂ ಕೆಂಡ ಕೊಡ್ತು ಅಂತ ನೀವು ಹೇಳ್ತಿದ್ದೀರಿ. ಇನ್ನು ಬೀದಿಗೆ ಕೊನೆ ಇಲ್ಲ ಅಂದ್ರಿ. ಉದ್ದ ಮಾಡಿದಷ್ಟೂ ಹೆಚ್ಚೋದು ಕೇಳಿ ತಂದವರು. ಸ್ವಂತ ಕೆಂಡ ಇದ್ದವರು ಒಬ್ಬರೂ ಹೆಚ್ಚಲ್ಲ. ಕೇಳಿ ತಂದದ್ದು, ತಂದವರ ಸಂಖ್ಯೆ ಜಾಸ್ತಿಯಾಯ್ತು ಅಂತ ಸ್ವಂತದ್ದಾಗುತ್ತಾ?"

ನಾನು ಹುಡುಕಿದೆ. ಬೀದಿಯ ಈ ತುದಿಯಿಂದ ಹೊರಟು ಮನಸ್ಸಿನಲ್ಲಿ ಮನೆ ಮನೆಯ ಬಾಗಿಲು ತಟ್ಟಿದೆ. ಒಂದು ದಾರಿ ತೆರೆದಂತೆ ಕಂಡಿತು, ಬಾಯಿಬಿಡುವಷ್ಟರಲ್ಲಿ ಅದೂ ಉಸ್ತಾದರ ಮಾತಿಗೇ ಬಂದು ಸೇರುತ್ತದೆಂದು ತಿಳಿಯಿತು. ಹಿಂದಿನ ಸಾಲಿನಲ್ಲಿ ನೇಕಾರನ ತುಟಿ ಅಲುಗುತ್ತಿತ್ತು, ಅವನೂ ನನ್ನ ಜೊತೆ ಹುಡುಕುತ್ತಿದ್ದ. ಪೊಳ್ಳು ಉತ್ತರವೊಂದನ್ನು ತೇಲಿಬಿಟ್ಟು ಒಂದು ವಾರ ಗಿಟ್ಟಿಸಬಹುದಿತ್ತು. ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಆ ಮಾತು ಚೆನ್ನಾಗಿತ್ತು. ಅಷ್ಟು ಚೆನ್ನಾದ ಮಾತಿನ ಮುಂದೆ ಸೋಲುವುದು ನನಗೆ ಅವಮಾನವೆನಿಸಲಿಲ್ಲ.

"ನನ್ನ ಹತ್ರ ಉತ್ತರ ಇಲ್ಲ," ಎಂದು ಎದ್ದು ಚಾಪೆ ಸುತ್ತಿದೆ.

ಉಸ್ತಾದರು ತಾವೂ ಎದ್ದು ನಿಂತರು. ಸೋತವರಿಗಾಗಿ ಅವರು ಎದ್ದದ್ದನ್ನು ಯಾರೂ ನೋಡಿರಲಿಲ್ಲ. ಚಾಪೆಯನ್ನು ಹೆಗಲಿಗೇರಿಸಿಕೊಂಡು ನಾನು ಕಾಲುವೆ ದಂಡೆಗೆ ಬಂದಾಗ ಅಪ್ಪ ನನ್ನ ಮುಂದೆ ಓಡಿದ. ಅವನು ಮದುವೆಯ ದಿಬ್ಬಣದ ಮುಂದೆ ಹೋಗುವವನಂತೆ ತೋಳೆತ್ತಿ, ದಾರಿ ಬಿಡಿ, ನನ್ನ ಮಗಳು ಮುತರ್ರಿಫರ ಎದುರು ಕೂತು ಸೋತು ಬರುತ್ತಿದ್ದಾಳೆ ಎಂದು ಅಂಗಡಿ ಅಂಗಡಿಗೂ ಕೂಗಿ ಹೇಳಿದ. ದೋಣಿಯವರು ಹುಟ್ಟು ನಿಲ್ಲಿಸಿ ನೋಡಿದರು. ಮೀನು ಮಾರುವವಳೊಬ್ಬಳು ಗೆದ್ದದ್ದೋ ಸೋತದ್ದೋ ಸರಿಯಾಗಿ ಹೇಳಪ್ಪ ಎಂದು ಗದರಿದಳು. ಸೋತದ್ದು, ಸೋತದ್ದು ಎಂದು ಅವನು ಕುಣಿದ. ಅಷ್ಟು ಹೆಮ್ಮೆಯ ನಡಿಗೆಯನ್ನು ನಾನು ಮತ್ತೆ ನಡೆದಿಲ್ಲ.

ಮರುದಿನ ಬೆಳಿಗ್ಗೆ ಹಾತಿಮರು ನುಮೈರನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಮುಖದಲ್ಲಿ ಗಂಟಿರಲಿಲ್ಲ. ಚಾಪೆ ಸುತ್ತಿದ್ದನ್ನು ಊರೇ ನೋಡಿದೆ, ಸುತ್ತಿದವರು ಅಪ್ಪನೋ ಮಗಳೋ ತಮಗೇನೂ ವ್ಯತ್ಯಾಸವಿಲ್ಲ, ಮನೆತನದ ಮೇಲಿನ ಮಾತು ತೊಳೆದುಹೋಯಿತು, ಇಂದೇ ಕರಾರು ಮಾಡೋಣ ಎಂದರು. ಅಪ್ಪ ನನ್ನ ಕಡೆ ಕೈ ತೋರಿಸಿ ಅವಳನ್ನೇ ಕೇಳಿ ಎಂದ. ನುಮೈರ್ ನಕ್ಕ, ಕೆನ್ನೆಯಲ್ಲಿ ಗುಳಿ ಬಿತ್ತು. ಹೂಂ ಎನ್ನಬೇಕೆಂದು ನನ್ನ ಎದೆ ಬಡಿದುಕೊಂಡಿತು, ಅದನ್ನು ಮುಚ್ಚಿಡಲಾರೆ. ಆದರೂ ಒಂದು ಮಾತು ಕೇಳದೆ ಇರಲಾಗಲಿಲ್ಲ.

"ನಿನ್ನೆ ನೀನು ಬಂದಿದ್ದೆಯಾ?"

"ಬಂದಿದ್ದೆ. ಬಾಗಿಲ ಹತ್ರನೇ ನಿಂತಿದ್ದೆ. ನೀನು ಚಾಪೆ ಸುತ್ತಿದ್ದು ನೋಡಿ ನನಗೆ ಹೋದ ಜೀವ ಬಂತು."

"ಉಸ್ತಾದರು ಏನು ಹೇಳಿದ್ರು?"

"ದೇವರಿದ್ದಾನೆ ಅಂದ್ರು."

"ಅದು ಸರಿ. ಹೇಗೆ ಅಂತ ತೋರಿಸಿದ್ರು?"

ಅವನು ತನ್ನ ಅಪ್ಪನ ಮುಖ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, ಒರಟಾಗೇನೂ ಅಲ್ಲ, ಮುದ್ದಿನಿಂದಲೇ, ಅದೆಲ್ಲ ಈಗ ಯಾಕೆ, ನೀನು ಸೋತೆಯಲ್ಲ, ಅಷ್ಟು ಸಾಕು ಎಂದ. ಅವನು ಒಳ್ಳೆಯವನೇ, ನನ್ನ ಮೇಲೆ ಅವನಿಗೆ ಪ್ರೀತಿಯೂ ಇತ್ತು, ಇವತ್ತಿಗೂ ನಾನು ಅದನ್ನು ಅಲ್ಲಗಳೆಯುವುದಿಲ್ಲ.

ಅಷ್ಟರಲ್ಲಿ ಅಡಿಗೆಮನೆಯ ಬಾಗಿಲಲ್ಲಿ ಅಮ್ಮ ಕಾಣಿಸಿಕೊಂಡಳು. ಎರಡೂ ಕೈಗೆ ಅಕ್ಕಿಹಿಟ್ಟು ಮೆತ್ತಿತ್ತು. ಈ ಸಂಬಂಧಕ್ಕಾಗಿ ಎಲ್ಲರಿಗಿಂತ ಹೆಚ್ಚು ಹಂಬಲಿಸಿದವಳು ಆಕೆ. ಒಂದು ವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದವಳು, ನನ್ನನ್ನು ದಾಟಿ ನೇರವಾಗಿ ನುಮೈರನ ಮುಂದೆ ಹೋಗಿ ನಿಂತಳು.

"ಬೀದಿಗೆ ಒಲೆ ಇಲ್ಲ ಅಂದ್ರು ಕಣಪ್ಪ," ಎಂದಳು. "ಎಷ್ಟು ಉದ್ದ ಮಾಡಿದ್ರೂ ಹೆಚ್ಚೋದು ಕೇಳಿ ತಂದವರೇ. ಕೇಳಿ ತಂದದ್ದು ಸ್ವಂತದ್ದಾಗಲ್ಲ ಅಂದ್ರು. ನನ್ನ ಮಗಳು ಸೋತಿದ್ದು ಆ ಮಾತಿಗೆ. ನಿಮ್ಮ ಮನೆಗಲ್ಲ."